ಆರು ಜನ, ಒಬ್ಬ ಗೈಡ್, ರಸ್ತೆಯಿಂದ ಎರಡು ದಿನ ದೂರ: ಈ ಫೋಟೋ ಯಾತ್ರೆಗೆ ಹೋಗಬಹುದಾ?

ಪ್ರಶ್ನೆ: "ನನಗೆ 54 ವರ್ಷ. ಎಂಟು ವರ್ಷಗಳಿಂದ ನಿಸರ್ಗದ ಫೋಟೋ ತೆಗೆಯುತ್ತಿದ್ದೇನೆ. ಆದರೆ ಕಾರು ಹೋಗುವ ಜಾಗಗಳಲ್ಲಿ ಮಾತ್ರ. ಈಗ ಹತ್ತು ದಿನದ ಒಂದು ಫೋಟೋಗ್ರಫಿ ಯಾತ್ರೆಗೆ ಮುಂಗಡ ಕಟ್ಟಿದ್ದೇನೆ. ಆರು ಜನರ ಗುಂಪು. ಕರೆದುಕೊಂಡು ಹೋಗುವವರು ಹೆಸರು ಮಾಡಿದ ಫೋಟೋಗ್ರಾಫರ್. ಎತ್ತರದ ಬೆಟ್ಟಗಳ ನಡುವಿನ ಸರೋವರದ ದಂಡೆಯಲ್ಲಿ ಐದು ರಾತ್ರಿ ಟೆಂಟ್. ರಸ್ತೆಯಿಂದ ಅಲ್ಲಿಗೆ ಎರಡು ದಿನದ ನಡಿಗೆ, ನಡುವೆ ಹಿಮ ಕರಗಿ ಹರಿಯುವ ಒಂದು ಹೊಳೆ ದಾಟಬೇಕು. ಮೊದಲ ರಾತ್ರಿ ಮಲಗುವುದು 2,600 ಮೀಟರ್‌ನಲ್ಲಿ, ಎರಡನೇ ರಾತ್ರಿ 3,300, ಮೂರನೇ ರಾತ್ರಿ 4,200. ಫೋನ್ ಸಿಗ್ನಲ್ ಇಲ್ಲ. 'ಹಿಂದಿನ ಅನುಭವ ಬೇಕಿಲ್ಲ' ಎಂದು ಬರೆದಿದ್ದಾರೆ. ಇಳಿಯುವಾಗ ನನಗೆ ಬಲಮಂಡಿ ನೋಯುತ್ತದೆ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ, ದೊಡ್ಡ ಲೆನ್ಸ್ ಇಲ್ಲದೆ ಹೋದರೆ ದುಡ್ಡು ದಂಡ ಅಂತ ಗೆಳೆಯರು ಹೇಳುತ್ತಾರೆ. ಮನೆಯವರಿಗೆ ಭಯ. ಗುಂಪು ಚಿಕ್ಕದು, ಗೈಡ್ ಇದ್ದಾರೆ, ಏನೂ ಆಗಲ್ಲ ಅಂತ ನಾನು ಸಮಾಧಾನ ಹೇಳುತ್ತಿದ್ದೇನೆ. ನಾನು ಹೇಳುತ್ತಿರುವುದು ಸರಿಯಾ? ಹೋಗಬಹುದಾ?"

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎರಡು ಆತಂಕ ಕಾಣಿಸಿದವು. ದೇಹ ತಡೆಯುತ್ತದಾ ಅನ್ನುವುದು ಒಂದು. ಇಷ್ಟು ದುಡ್ಡು ಕೊಟ್ಟು ಹೋಗಿ ಒಳ್ಳೆಯ ಫೋಟೋ ಸಿಗದಿದ್ದರೆ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು, ನೀವು ಮಾತಿನ ನಡುವೆ ಬರೆದಿರುವ ಮೂರು ಅಂಕಿಗಳನ್ನು ನೋಡೋಣ: 2,600, 3,300, 4,200. ನಿಮ್ಮ ಮಂಡಿಗಿಂತ, ಲೆನ್ಸಿಗಿಂತ ನನಗೆ ಜಾಸ್ತಿ ಚಿಂತೆ ತಂದದ್ದು ಇವೇ.

4,200 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಪ್ರತಿಶತ ಮಾತ್ರ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಸುಮಾರು ಅಷ್ಟೇ ಪಾಲಿಗೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಬೆಟ್ಟದ ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ ಹೀಗಿದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ಒಂದು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ನಿಮ್ಮ ಯಾತ್ರೆಯ ದಿನದಿನದ ಪಟ್ಟಿಯಲ್ಲಿ ಒಂದೇ ದಿನಕ್ಕೆ 900 ಮೀಟರ್ ಏರಿಕೆ ಇದೆ. ಮರುದಿನ ಬೆಳಗ್ಗೆ ಆರು ಜನರಲ್ಲಿ ಒಬ್ಬಿಬ್ಬರಿಗೆ ಎತ್ತರದ ಕಾಯಿಲೆಯ ತಲೆನೋವು, ವಾಕರಿಕೆ ಬಂದರೆ ಅದು ಅವರ ದುರದೃಷ್ಟ ಅಲ್ಲ. ಪಟ್ಟಿಯೇ ಹಾಗಿದೆ.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ದಿನಾ ಓಡುವವರಿಗೆ, ಜಿಮ್‌ಗೆ ಹೋಗುವವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುತ್ತಾರೆ. ಅದು ನಿಜವಲ್ಲ. ದೇಹ ಗಟ್ಟಿ ಇದ್ದವರು ಬೇಗ ಏರುತ್ತಾರೆ, ಬೇಗ ಏರಿದವರಿಗೆ ಬೇಗ ಬರುತ್ತದೆ. 54 ವರ್ಷ ಅನ್ನುವುದು ಇಲ್ಲಿ ಅಡ್ಡಿಯೇ ಅಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದೆಯಾ ಎಂದು ಒಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿ. ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ಚುರುಕು ಮಾಡುತ್ತದೆ. ಅದು ನಿಮಗೆ ಬೇಕಾ, ಅಲರ್ಜಿ ಏನಾದರೂ ಇದೆಯಾ ಅನ್ನುವುದನ್ನೂ ಅವರೇ ಹೇಳಬೇಕು. ಆದರೆ ಕೆಟ್ಟ ಪಟ್ಟಿಯನ್ನು ಮಾತ್ರೆಯಿಂದ ಸರಿಮಾಡಲು ಹೊರಡುವುದು ಬೇಡ.

ಯಾತ್ರೆ ನಡೆಸುವವರು ಯಾಕೆ ಹೀಗೆ ಪಟ್ಟಿ ಮಾಡುತ್ತಾರೆ? ಬೇಜವಾಬ್ದಾರಿಯಿಂದಲೇ ಎಂದು ನಾನು ಹೇಳುವುದಿಲ್ಲ. ಜನ ದುಡ್ಡು ಕೊಡುವುದು ಸರೋವರಕ್ಕೆ. 'ಸರೋವರದಲ್ಲಿ ಐದು ರಾತ್ರಿ' ಎಂದು ಬರೆದರೆ ಸೀಟು ತುಂಬುತ್ತದೆ. 'ದಾರಿಯಲ್ಲಿ ಸುಮ್ನೆ ಒಂದು ದಿನ ಕೂರುತ್ತೇವೆ' ಎಂದು ಬರೆದರೆ ತುಂಬುವುದಿಲ್ಲ. ಸರಿಪಡಿಸುವುದು ಕಷ್ಟವೂ ಅಲ್ಲ. 3,300ರಲ್ಲಿ ಎರಡು ರಾತ್ರಿ, 3,750ರ ಸುತ್ತಮುತ್ತ ಒಂದು ರಾತ್ರಿ, ಆಮೇಲೆ ಸರೋವರದಲ್ಲಿ ಮೂರು ರಾತ್ರಿ. ಒಟ್ಟು ದಿನ ಅಷ್ಟೇ. ಟೆಂಟ್ ಹಾಕಲು ಸಮತಟ್ಟಾದ ಜಾಗ, ಹತ್ತಿರದಲ್ಲಿ ನೀರು ಇರಬೇಕು ಅಷ್ಟೆ. ಅಲ್ಲಿಯೂ ಬೆಟ್ಟ, ಮೋಡ, ಬೆಳಕು ಎಲ್ಲ ಇರುತ್ತವೆ ಅಲ್ವಾ? ನಿಮ್ಮ ಸಂಘಟಕರಿಗೆ ಇದನ್ನೇ ಬರೆದು ಕೇಳಿ. ಅವರು ಕೊಡುವ ಉತ್ತರದಿಂದ ನಿಮಗೆ ಅರ್ಧ ವಿಷಯ ತಿಳಿದುಹೋಗುತ್ತದೆ.

ಇನ್ನು ನಿಮ್ಮ ಸಮಾಧಾನದ ಮಾತು. ಗುಂಪು ಚಿಕ್ಕದು, ಗೈಡ್ ಇದ್ದಾರೆ, ಆದ್ದರಿಂದ ಭಯವಿಲ್ಲ. ಚಿಕ್ಕ ಗುಂಪಿನಿಂದ ಅನುಕೂಲ ಇದ್ದೇ ಇದೆ. ಕಲಿಸುವವರಿಗೆ ಒಬ್ಬೊಬ್ಬರ ಹತ್ತಿರ ಬರಲು ಸಮಯ ಸಿಗುತ್ತದೆ. ಒಂದೇ ಬಂಡೆಯ ಮೇಲೆ ಟ್ರೈಪಾಡ್‌ಗಳು ಗುದ್ದಾಡುವುದಿಲ್ಲ. ನೆಲಕ್ಕೆ ಆಗುವ ಹಾನಿಯೂ ಕಡಿಮೆ. ಆದರೆ ಸುರಕ್ಷತೆ ತಲೆ ಎಣಿಸಿ ಬರುವುದಲ್ಲ. ಆರು ಜನರಿಗೆ ಒಬ್ಬನೇ ಗೈಡ್ ಇದ್ದು, ಒಬ್ಬರ ಕಾಲು ಉಳುಕಿದರೆ ಏನಾಗುತ್ತದೆ ಯೋಚಿಸಿ. ಗೈಡ್ ಅವರನ್ನು ಕರೆದುಕೊಂಡು ಕೆಳಗೆ ಇಳಿಯಬೇಕು. ಉಳಿದ ಐದು ಜನ 4,200 ಮೀಟರ್‌ನಲ್ಲಿ ಗೈಡ್ ಇಲ್ಲದೆ ಉಳಿಯುತ್ತಾರೆ. ಇಲ್ಲವೇ ಎಲ್ಲರೂ ಇಳಿಯಬೇಕು. ಇಲ್ಲವೇ, ಕಾಲು ನೋಯುತ್ತಿರುವವರಿಗೆ 'ಎರಡು ದಿನ ತಡೆದುಕೊಳ್ಳಿ' ಎಂದು ಹೇಳಬೇಕು. ಮೂರನೆಯದೇ ಜಾಸ್ತಿ ನಡೆಯುತ್ತದೆ. ಆದ್ದರಿಂದ ಗುಂಪಿನಲ್ಲಿ ಎಷ್ಟು ಜನ ಎಂದು ಕೇಳಿ ಬಿಡಬೇಡಿ. ಜವಾಬ್ದಾರಿ ಹೊರಬಲ್ಲ ಎರಡನೇ ವ್ಯಕ್ತಿ ಯಾರು ಎಂದೂ ಕೇಳಿ.

ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಫೋಟೋ ಕಲಿಸುವುದು ಒಂದು ಕೆಲಸ. ದುರ್ಗಮ ಜಾಗದಲ್ಲಿ ಜನರನ್ನು ಕಾಯುವುದು ಇನ್ನೊಂದು ಕೆಲಸ. ಎರಡೂ ಬಲ್ಲವರು ಇದ್ದಾರೆ, ನಾನು ಅಂಥವರ ಜೊತೆ ಕೆಲಸ ಮಾಡಿದ್ದೇನೆ. ಆದರೆ ಒಂದೇ ಕ್ಷಣದಲ್ಲಿ ಎರಡನ್ನೂ ಮಾಡಲು ಯಾರಿಗೂ ಆಗುವುದಿಲ್ಲ. ಬೆಳಕು ಅದ್ಭುತವಾಗಿ ಬಂದ ಆ ಹತ್ತು ನಿಮಿಷದಲ್ಲಿ ಫೋಟೋಗ್ರಾಫರ್‌ನ ಕಣ್ಣು ಬೆಳಕಿನ ಮೇಲೆ ಇರುತ್ತದೆ. ಅದೇ ಹತ್ತು ನಿಮಿಷದಲ್ಲಿ ಯಾರು ನಡುಗುತ್ತಿದ್ದಾರೆ, ಯಾರು ಅಂಚಿಗೆ ಸರಿಯುತ್ತಿದ್ದಾರೆ, ಹಿಂದೆ ಮೋಡ ಎಷ್ಟು ಕಪ್ಪಾಗಿದೆ ಎಂದು ಇನ್ನೊಂದು ಜೋಡಿ ಕಣ್ಣು ನೋಡುತ್ತಿರಬೇಕು. ಇದು ಹೊಸ ವಿಚಾರವೂ ಅಲ್ಲ. 1871ರಲ್ಲಿ ಅಮೆರಿಕದ ಫೋಟೋಗ್ರಾಫರ್ ವಿಲಿಯಂ ಹೆನ್ರಿ ಜಾಕ್ಸನ್ ಅಲ್ಲಿನ ಯೆಲ್ಲೊಸ್ಟೋನ್‌ಗೆ ಹೋದಾಗ ಅವರು ಭೂವಿಜ್ಞಾನಿ ಹೇಡನ್ ನೇತೃತ್ವದ ಸರ್ಕಾರಿ ಸಮೀಕ್ಷೆಯ ದೊಡ್ಡ ತಂಡದ ಜೊತೆಗಿದ್ದರು. ಆ ಚಿತ್ರಗಳು ಮರುವರ್ಷ ಅಲ್ಲಿ ರಾಷ್ಟ್ರೀಯ ಉದ್ಯಾನ ಆಗಲು ನೆರವಾದವು. ಜಾಕ್ಸನ್ ಕೆಲಸ ಚಿತ್ರ ತೆಗೆಯುವುದು. ತಂಡವನ್ನು ನಡೆಸುವ ಹೊಣೆ ಹೇಡನ್‌ರದ್ದು.

ಸಾಮಾನ್ಯ ಟ್ರೆಕ್ಕಿಂಗ್‌ಗಿಂತ ಫೋಟೋ ಯಾತ್ರೆಯಲ್ಲಿ ಅಪಾಯ ಜಾಸ್ತಿ ಇರುತ್ತದೆ. ಟ್ರೆಕ್ಕಿಂಗ್ ಮಾಡುವವರು ಬೆಳಕಿದ್ದಾಗ ನಡೆಯುತ್ತಾರೆ, ಕತ್ತಲಾಗುವ ಮೊದಲು ಟೆಂಟ್ ಸೇರುತ್ತಾರೆ. ನಾವು ಅದರ ಉಲ್ಟಾ. ಸೂರ್ಯ ಹುಟ್ಟುವ ಮೊದಲು ಜಾಗ ಸೇರಬೇಕು, ಮುಳುಗಿದ ಮೇಲೆ ವಾಪಸು ಬರಬೇಕು. ಅಂದರೆ ಕಲ್ಲುಮಣ್ಣಿನ ದಾರಿಯನ್ನು ದಿನಕ್ಕೆ ಎರಡು ಸಲ ಕತ್ತಲಲ್ಲಿ ನಡೆಯುತ್ತೇವೆ. ನಡೆದು ಬೆವರುತ್ತೇವೆ, ಆಮೇಲೆ ಒಂದು ಗಂಟೆ ಅಲ್ಲಾಡದೆ ನಿಲ್ಲುತ್ತೇವೆ. ನಿಲ್ಲುವುದು ಬೇರೆ ಎಲ್ಲಿ? ದಡದಲ್ಲಿ, ಬಂಡೆಯ ತುದಿಯಲ್ಲಿ. ಒಂದು ಕಣ್ಣು ವ್ಯೂಫೈಂಡರ್‌ನಲ್ಲಿ. ಐಸ್‌ಲ್ಯಾಂಡಿನ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ತೀರದಲ್ಲಿ ಮುನ್ಸೂಚನೆ ಇಲ್ಲದೆ ದೊಡ್ಡ ಅಲೆ ನುಗ್ಗಿ ಜನರನ್ನು ಎಳೆದುಕೊಂಡು ಹೋಗಿದೆ. ಅಂಥ ಜಾಗದಲ್ಲಿ ಕಡಲಿಗೆ ಬೆನ್ನು ಹಾಕಬಾರದು ಎಂಬುದು ಮೊದಲ ಪಾಠ. ಫೋಟೋ ತೆಗೆಯುವವರು ಬೆನ್ನು ಹಾಕದೇ ಇದ್ದರೂ ಅಲೆಯನ್ನು ನೋಡುತ್ತಿರುವುದಿಲ್ಲ, ಅಲೆಯ ಚಿತ್ರವನ್ನು ನೋಡುತ್ತಿರುತ್ತಾರೆ.

ನಿಮ್ಮ ದಾರಿಯಲ್ಲಿರುವ ಹೊಳೆಯನ್ನೇ ತೆಗೆದುಕೊಳ್ಳಿ. ಹಿಮ ಕರಗಿ ಬರುವ ಹೊಳೆಯಲ್ಲಿ ಬೆಳಗಿನ ಜಾವ ನೀರು ಕಡಿಮೆ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ನಂತರ ನೀರು ಏರುತ್ತದೆ. ಬೆಳಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಸಂಜೆಗೆ ಸೊಂಟ ಮುಟ್ಟಬಹುದು. ಹಾಗಾಗಿ ಬೆಳಗ್ಗೆ ಬೇಗ ದಾಟಬೇಕು. ಆದರೆ ಬೆಳಗ್ಗೆಯೇ ತಾನೇ ಒಳ್ಳೆಯ ಬೆಳಕು? ಎಲ್ಲರೂ ಫೋಟೋ ತೆಗೆದು, ತಿಂಡಿ ತಿಂದು, ಟೆಂಟ್ ಮಡಚಿ, ದಾರಿಯಲ್ಲಿ ಮತ್ತೆ ನಾಲ್ಕು ಕಡೆ ನಿಂತು ಹೊಳೆ ಸೇರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಆಗ ನೀರು ಜಾಸ್ತಿಯಾಗಿದೆ ಎಂದು ಕಂಡಾಗ ಒಳ್ಳೆಯ ಗೈಡ್ ಈ ದಡದಲ್ಲೇ ಟೆಂಟ್ ಹಾಕಿಸುತ್ತಾನೆ. ಅದಕ್ಕೆ ಪಟ್ಟಿಯಲ್ಲಿ ಒಂದು ಬಿಡುವಿನ ದಿನ ಇರಬೇಕು. ಇಲ್ಲದಿದ್ದರೆ ಮರುದಿನದ ವಾಹನ, ವಿಮಾನದ ಟಿಕೆಟ್ ಎಲ್ಲ ಸೇರಿ ಗುಂಪನ್ನು ನೀರಿಗೆ ಇಳಿಸುತ್ತವೆ. ನಿಮ್ಮ ಹತ್ತು ದಿನದಲ್ಲಿ ಅಂಥ ಖಾಲಿ ದಿನ ಇದೆಯಾ, ವಾಪಸು ಬರುವಾಗ ಹೊಳೆ ದಾಟುವುದು ಎಷ್ಟು ಗಂಟೆಗೆ, ಕೇಳಿ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹೇಳಿದ್ದು. ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 9 ಕಿಲೋಮೀಟರ್ ದೂರ, 900 ಮೀಟರ್ ಏರು ಇದ್ದರೆ ಸುಮಾರು ಮೂರೂಕಾಲು ಗಂಟೆ ಆಯಿತು. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ಎತ್ತರ, ಬೆನ್ನ ಮೇಲಿನ ಭಾರ, ಫೋಟೋಗಾಗಿ ನಿಲ್ಲುವುದು ಎಲ್ಲ ಸೇರಿಸಿ ನಾನು ಇದನ್ನು ದುಪ್ಪಟ್ಟು ಮಾಡುತ್ತೇನೆ.

ಆಮೇಲೆ ಚಳಿ. ಕೊರೆಯುವ ಹಿಮದಲ್ಲಿ ಮಾತ್ರ ಜೀವಕ್ಕೆ ಅಪಾಯ ಎಂದು ತುಂಬಾ ಜನ ತಿಳಿದಿದ್ದಾರೆ. ಬಟ್ಟೆ ಒದ್ದೆಯಾಗಿ ಗಾಳಿ ಬೀಸುತ್ತಿದ್ದರೆ 10 ಡಿಗ್ರಿಯಲ್ಲೂ ಮೈಯ ಶಾಖ ಕುಸಿಯುತ್ತದೆ. ದೇಹದ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಗಾಳಿಯ ಪಾಲು ಎಷ್ಟು ಅಂದರೆ, ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 20ರ ಹಾಗೆ. ಫೋಟೋಗ್ರಾಫರ್‌ಗಳಲ್ಲಿ ಇದರ ಮೊದಲ ಸುಳಿವು ನನಗೆ ಕಾಣುವುದು ಬೆರಳಲ್ಲಿ. ಟ್ರೈಪಾಡ್‌ನ ತಿರುಪು ಬಿಗಿ ಮಾಡಲು ತಡಕಾಡುತ್ತಾರೆ. ಫಿಲ್ಟರ್ ಕೈಜಾರುತ್ತದೆ. ಆಮೇಲೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ಅಷ್ಟರಲ್ಲಿ ಅವರ ತೀರ್ಮಾನ ಮಾಡುವ ಶಕ್ತಿಯೂ ಕುಂದಿರುತ್ತದೆ, 'ಇನ್ನೊಂದೇ ಒಂದು' ಅನ್ನುತ್ತಿರುತ್ತಾರೆ. ಜಾಗ ಸೇರಿದ ಕೂಡಲೇ, ಚಳಿ ಅನಿಸುವ ಮೊದಲೇ, ದಪ್ಪ ಜಾಕೆಟ್ ಹಾಕಿ. ಬೆವರಿದ ಒಳ ಅಂಗಿ ಬದಲಿಸಿ. ಹತ್ತಿಯ ಬಟ್ಟೆ ಬೇಡ, ಒದ್ದೆಯಾದರೆ ಅದು ಬೇಗ ಒಣಗುವುದಿಲ್ಲ.

ಇಷ್ಟೆಲ್ಲ ತಿಳಿದ ಗುಂಪುಗಳೂ ಯಾಕೆ ತಪ್ಪು ಹೆಜ್ಜೆ ಇಡುತ್ತವೆ? ಅಮೆರಿಕದ ಇಯಾನ್ ಮೆಕ್‌ಕಾಮನ್ ಹಿಮಕುಸಿತದ ಅಪಘಾತಗಳನ್ನು ಕೂಲಂಕಷವಾಗಿ ನೋಡಿ, ತರಬೇತಿ ಪಡೆದವರನ್ನೂ ಬೀಳಿಸುವ ಕೆಲವು ಮನಸ್ಸಿನ ಬಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಮೂರು ಫೋಟೋ ಯಾತ್ರೆಗೆ ಹೇಳಿ ಬರೆಸಿದ ಹಾಗಿವೆ. ಮುಂದೆ ನಡೆಯುವವರಿಗೆ ಎಲ್ಲ ಗೊತ್ತಿದೆ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುವುದು. ಒಮ್ಮೆ ತೀರ್ಮಾನ ಮಾಡಿ ದುಡ್ಡು ಹಾಕಿದ ಮೇಲೆ ಹಿಂದೆ ಸರಿಯಲಾರದೆ ಹೋಗುವುದು. ಇನ್ನೊಮ್ಮೆ ಸಿಗದ ಅವಕಾಶ ಎಂದು ಆತುರ ಬೀಳುವುದು. ನಿಮ್ಮ ಗೈಡ್ ಹೆಸರಾಂತ ಫೋಟೋಗ್ರಾಫರ್ ಎಂದು ನೀವು ಬರೆದಿದ್ದೀರಿ. ಅವರ ಚಿತ್ರಗಳು ಚೆನ್ನಾಗಿವೆ ಅನ್ನುವುದಕ್ಕೂ ಅವರಿಗೆ ಹೊಳೆ ದಾಟಿಸಲು ಬರುತ್ತದೆ ಅನ್ನುವುದಕ್ಕೂ ಸಂಬಂಧವಿಲ್ಲ. ಅವರಿಗೆ ದುರ್ಗಮ ಜಾಗದ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ, ಯಾವಾಗ ಆಗಿದೆ? ಅದೇ ಕಣಿವೆಗೆ ಅದೇ ತಿಂಗಳಲ್ಲಿ ಮೊದಲು ಹೋಗಿದ್ದಾರಾ? ಯಾತ್ರೆಯಲ್ಲಿ ಅವರು ತಮ್ಮ ಸ್ವಂತ ಫೋಟೋ ತೆಗೆಯುತ್ತಾರಾ? ತೆಗೆಯುವುದಾದರೆ ಆಗ ಗುಂಪನ್ನು ನೋಡಿಕೊಳ್ಳುವವರು ಯಾರು? ಹಿಂದಿರುಗಬೇಕಾ ಎಂಬುದರಲ್ಲಿ ಕೊನೆಯ ಮಾತು ಯಾರದು? ಇವುಗಳನ್ನು ಕೇಳಲು ಸಂಕೋಚ ಬೇಡ. ಇಂಥ ಪ್ರಶ್ನೆ ಬಂದಾಗ ನನಗೆ ಸಂತೋಷವಾಗುತ್ತದೆ. ಕೇಳುವವರು ಬೆಟ್ಟದಲ್ಲೂ ಬಾಯಿಬಿಟ್ಟು ಹೇಳುತ್ತಾರೆ ಎಂಬ ಧೈರ್ಯ ಬರುತ್ತದೆ.

'ಅನುಭವ ಬೇಕಿಲ್ಲ' ಎಂಬ ಸಾಲಿನ ಬಗ್ಗೆ. ಫೋಟೋಗ್ರಫಿಗೆ ಸಂಬಂಧಿಸಿ ಅದು ನಿಜ ಇರಬಹುದು. ಶಟರ್ ವೇಗ, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಅಲ್ಲೇ ಕಲಿಯಬಹುದು. ಒದ್ದೆ ಟೆಂಟಿನಲ್ಲಿ ಮಲಗುವುದು, ಹೆಡ್ ಟಾರ್ಚ್ ಬೆಳಕಲ್ಲಿ ಕಲ್ಲಿನ ಮೇಲೆ ಇಳಿಯುವುದು, ಐದು ದಿನ ಸ್ನಾನವಿಲ್ಲದೆ ಇರುವುದು, ಇವು ಅಲ್ಲಿಗೆ ಹೋದ ಮೇಲೆ ಕಲಿಯುವ ವಿಷಯಗಳಲ್ಲ. ಎಂಟು ವರ್ಷ ಕಾರಿನ ಪಕ್ಕ ನಿಂತು ತೆಗೆದ ನಿಮ್ಮ ಕಣ್ಣು ತಯಾರಾಗಿದೆ. ಕಾಲು ತಯಾರಾಗಬೇಕು, ಅಷ್ಟೆ.

ಮಂಡಿ ವಿಷಯದಲ್ಲಿ ನೀವು ಹೆದರಬೇಕಿಲ್ಲ, ನಿರ್ಲಕ್ಷ್ಯವನ್ನೂ ಮಾಡಬೇಡಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಅದು ಸೋತಾಗ ಭಾರ ಕೀಲಿನ ಮೇಲೆ ಬೀಳುತ್ತದೆ. ನೋವಿಗೆ ಬೇರೆ ಕಾರಣಗಳೂ ಇರಬಹುದು, ಆದ್ದರಿಂದ ಮೊದಲು ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಅವರು ಸರಿ ಅಂದರೆ, ಮೂರು ತಿಂಗಳು ಮೊದಲಿಂದ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ. ಹತ್ತುವುದಕ್ಕಿಂತ ಇಳಿಯುವುದರ ಮೇಲೆ ಗಮನ ಇಡಿ, ನಿಧಾನವಾಗಿ. ಬ್ಯಾಗಿನ ಭಾರವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ನಡಿಗೆ ಕೋಲು ಎರಡು ಬೇಕು, ಅವು ಇಳಿಜಾರಿನಲ್ಲಿ ಮಂಡಿಯ ಭಾರ ಇಳಿಸುತ್ತವೆ. ಕತ್ತಲಲ್ಲೂ ಕೆಲವು ಸಲ ಅಭ್ಯಾಸ ಮಾಡಿ. ಯಾತ್ರೆಗೆ ಒಂದು ತಿಂಗಳು ಇರುವಾಗ ಬೆನ್ನ ಮೇಲೆ ಪೂರ್ತಿ ಭಾರ ಹೊತ್ತು ಎರಡು ದಿನ ಸತತ ಏರಿಳಿಯಿರಿ. ಮೂರನೇ ದಿನ ಬೆಳಗ್ಗೆ ಮಂಡಿ ಊದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಮಂಡಿಗೂ ಲೆನ್ಸಿಗೂ ನೇರ ಸಂಬಂಧ ಇದೆ. ಗೆಳೆಯರ ಮಾತನ್ನು ಇಲ್ಲಿ ಬದಿಗಿಡಿ. ನಿಸರ್ಗದೃಶ್ಯಕ್ಕೆ ನೀವು ಹೆಚ್ಚಾಗಿ ಎಫ್ 8, ಎಫ್ 11ರಂಥ ಕಿರಿದಾದ ಅಪರ್ಚರ್‌ನಲ್ಲಿ ತೆಗೆಯುತ್ತೀರಿ. ಹಾಗಿರುವಾಗ ಅಗಲವಾಗಿ ತೆರೆಯುವ ಎಫ್ 2.8 ಲೆನ್ಸಿನ ಗಾಜಿನ ಭಾರ ಹೊತ್ತು ಏನು ಮಾಡುತ್ತೀರಿ? ನಕ್ಷತ್ರಗಳ ಆಕಾಶ ತೆಗೆಯುವುದಾದರೆ ಮಾತ್ರ ಅಗಲ ಬಾಯಿಯ ಒಂದು ಲೆನ್ಸ್ ಬೇಕು. ಚಿಕ್ಕ ಸೆನ್ಸರಿನ ಈಗಿನ ಕ್ಯಾಮೆರಾಗಳು ಟ್ರೈಪಾಡ್ ಮೇಲೆ, ಕಡಿಮೆ ಐಎಸ್ಒನಲ್ಲಿ (ಬೆಳಕಿಗೆ ಸ್ಪಂದಿಸುವ ಮಟ್ಟ) ಕೊಡುವ ಚಿತ್ರ ದೊಡ್ಡ ಪ್ರಿಂಟಿಗೂ ಸಾಕು. ಒಂದು ಬಾಡಿ, ಒಂದು ಅಗಲ ಕೋನದ ಜೂಮ್, ಒಂದು ಹಗುರ ಟೆಲಿ ಜೂಮ್, ಗಾಳಿಗೆ ಅಲುಗದ ಟ್ರೈಪಾಡ್. ಟ್ರೈಪಾಡ್ ಮೇಲೆ ಮಾತ್ರ ಜಿಪುಣತನ ಮಾಡಬೇಡಿ. ಎಲ್ಲ ಸೇರಿ 4 ಕಿಲೋ ದಾಟದಂತೆ ನೋಡಿಕೊಳ್ಳಿ. ಹೊಸ ಕ್ಯಾಮೆರಾ ಕೊಂಡರೂ ಕನಿಷ್ಠ ಎರಡು ತಿಂಗಳು ಬಳಸಿ, ಕತ್ತಲಲ್ಲಿ ಗ್ಲೌಸ್ ಹಾಕಿಕೊಂಡು ಗುಂಡಿ ಹುಡುಕುವಷ್ಟು ಕೈ ಕುದುರಿದ ಮೇಲೆ ತನ್ನಿ.

ಕೆಲವು ಸಣ್ಣ ವಿಷಯಗಳನ್ನು ಯಾರೂ ಹೇಳುವುದಿಲ್ಲ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಕೈಕೊಡುತ್ತದೆ. ಬಿಡಿ ಬ್ಯಾಟರಿಗಳನ್ನು ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಸತ್ತಂತೆ ಕಂಡ ಬ್ಯಾಟರಿ ಬೆಚ್ಚಗಾದರೆ ಎಷ್ಟೋ ಸಲ ಮತ್ತೆ ಏಳುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ಮೀರಿದರೆ ಏರ್‌ಲೈನ್ ಅನುಮತಿ ಬೇಕು. ಹೊರಗಿನ ಚಳಿಯಿಂದ ಬೆಚ್ಚಗಿನ ಟೆಂಟಿಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಒಳಗೆಲ್ಲ ನೀರಹನಿ ಕೂರುತ್ತದೆ. ಫೋಟೋ ನಕಲು ಇಡಲು ತಿರುಗುವ ಡಿಸ್ಕಿನ ಹಾರ್ಡ್‌ಡ್ರೈವ್ ತರಬೇಡಿ. ಅದರೊಳಗಿನ ಓದುವ ಮುಳ್ಳು ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. ಸಾಮಾನ್ಯವಾಗಿ ಸುಮಾರು 3,000 ಮೀಟರ್‌ವರೆಗೆ ಮಾತ್ರ ಬಳಸಲು ಅವುಗಳನ್ನು ತಯಾರಿಸಿರುತ್ತಾರೆ. ತಿರುಗುವ ಭಾಗವೇ ಇಲ್ಲದ ಎಸ್ಎಸ್‌ಡಿಗೆ ಆ ತೊಂದರೆ ಇಲ್ಲ.

ಒಳ್ಳೆಯ ಫೋಟೋ ಸಿಗುತ್ತದಾ? ಯಾರೂ ಖಾತ್ರಿ ಕೊಡಲಾರರು. ಕೊಟ್ಟರೆ ನಂಬಬೇಡಿ. ಐದು ರಾತ್ರಿಯೂ ಮೋಡ ಕವಿದಿರಬಹುದು. ನನ್ನ ಅನುಭವದಲ್ಲಿ ನಿರಾಸೆಯಿಂದ ಮರಳುವವರು ಹೆಚ್ಚಾಗಿ ಒಂದೇ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಬಂದವರು. ಸರೋವರದಲ್ಲಿ ಶಿಖರದ ಪ್ರತಿಬಿಂಬ, ಅದೂ ಕೆಂಪು ಬೆಳಕಲ್ಲಿ. ಅದಕ್ಕೆ ಗಾಳಿ ನಿಲ್ಲಬೇಕು, ಮೂಡಣ ತೆರೆದಿರಬೇಕು, ಮೋಡ ಮೇಲಿರಬೇಕು. ಎಲ್ಲ ಒಟ್ಟಿಗೆ ಬರುವುದು ಅಪರೂಪ. ಮಂಜಿನಲ್ಲಿ ಅರ್ಧ ಕಾಣುವ ಬಂಡೆ, ಮಳೆ ನಿಂತ ಮೇಲಿನ ಹುಲ್ಲು, ಹೊಳೆಯ ಕಲ್ಲುಗಳ ಬಣ್ಣ, ಇವು ಮೋಡದ ದಿನಗಳಲ್ಲೇ ಚೆನ್ನಾಗಿ ಬರುತ್ತವೆ. ಕಲಿಸುವವರು ಕೆಟ್ಟ ಹವೆಯಲ್ಲಿ ಏನು ಮಾಡಿಸುತ್ತಾರೆ ಎಂದು ಕೇಳಿ, ಹಾಗೆ ತೆಗೆದ ಅವರ ಚಿತ್ರ ತೋರಿಸಲು ಹೇಳಿ. ಹುಣ್ಣಿಮೆಯೋ ಅಮಾವಾಸ್ಯೆಯೋ ನೋಡಿಕೊಳ್ಳಿ. ಹಾಲುಹಾದಿ ಬೇಕಿದ್ದರೆ ಚಂದ್ರ ಇರಬಾರದು. ಗುಂಪಿನಲ್ಲಿ ಒಂದು ಶಿಸ್ತೂ ಬೇಕು. ಹೊಸ ಹಿಮದ ಮೇಲೆ, ಮರಳಿನ ಮೇಲೆ, ಪಾಚಿಯ ಮೇಲೆ ಒಬ್ಬರು ಮುಂದೆ ನಡೆದುಬಿಟ್ಟರೆ ಉಳಿದವರ ಮುನ್ನೆಲೆ ಹಾಳು. ಪಾಚಿಯಾದರೆ ಆ ಹೆಜ್ಜೆ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಮನೆಯವರ ಭಯ. ಅವರ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕಬೇಡಿ. ಸಿಗ್ನಲ್ ಇಲ್ಲದ ಕಡೆ ಎರಡು ಬಗೆಯ ಸಾಧನ ಬಳಸುತ್ತಾರೆ. ಪರ್ಸನಲ್ ಲೊಕೇಟರ್ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಕೊಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೆ ಅಪಾಯದ ಸಂಕೇತ ಕಳಿಸುತ್ತದೆ. ತಿಂಗಳ ಶುಲ್ಕ ಇಲ್ಲ, ಆದರೆ ಮಾತುಕತೆ ಆಗುವುದಿಲ್ಲ. ಸ್ಯಾಟಲೈಟ್ ಮೆಸೆಂಜರ್‌ನಲ್ಲಿ ಎರಡೂ ಕಡೆಯಿಂದ ಸಂದೇಶ ಕಳಿಸಬಹುದು, ಏನಾಗಿದೆ ಎಂದು ತಿಳಿಸಬಹುದು. ನನಗೆ ಎರಡನೆಯದು ಹೆಚ್ಚು ಉಪಯೋಗ ಅನಿಸುತ್ತದೆ. ಆದರೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಉಪಗ್ರಹ ಸಾಧನ ಇಟ್ಟುಕೊಳ್ಳುವುದೇ ಅಪರಾಧ, ಮೊದಲೇ ವಿಚಾರಿಸಿ. ಗುಂಡಿ ಒತ್ತಿದ ಕೂಡಲೇ ಹೆಲಿಕಾಪ್ಟರ್ ಬರುತ್ತದೆ ಎಂದೂ ನಂಬಬೇಡಿ. ಮೋಡ, ಗಾಳಿ, ಕತ್ತಲು ಇದ್ದರೆ ಅದು ಹಾರಲಾಗದೆ ಹೋಗಬಹುದು. ಅಲ್ಲಿಯವರೆಗೆ ಗುಂಪೇ ನೋಡಿಕೊಳ್ಳಬೇಕು. ವಿಮೆಯ ಪತ್ರದಲ್ಲಿ ಎತ್ತರದ ಮಿತಿ ಎಷ್ಟಿದೆ ಓದಿ. ಸಾಮಾನ್ಯ ಪ್ರವಾಸ ವಿಮೆ ಎಷ್ಟೋ ಸಲ 4,200 ಮೀಟರನ್ನು ಒಳಗೊಳ್ಳುವುದಿಲ್ಲ, ಹೆಲಿಕಾಪ್ಟರ್ ಖರ್ಚನ್ನೂ ಕೊಡುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು ಇವು. ಸಂಘಟಕರು ಮಲಗುವ ಎತ್ತರಗಳನ್ನು ಬದಲಿಸಿ, ಎರಡನೇ ಗೈಡ್ ಸೇರಿಸಿ, ಒಂದು ಬಿಡುವಿನ ದಿನ ಇಟ್ಟರೆ ಹೋಗಿ. ಆಗಲೂ ಮಂಡಿ ನಡುವೆ ಕೈಕೊಡಬಹುದು, ಹವೆ ಕೆಡಬಹುದು. ಆ ಮಟ್ಟದ ಅಪಾಯ ಯಾವ ಯಾತ್ರೆಯಲ್ಲೂ ಇರುತ್ತದೆ. ಅವರು ಬದಲಿಸದೆ 'ಎಲ್ಲರೂ ಹೀಗೇ ಹೋಗುತ್ತಾರೆ' ಅಂದರೆ ಹೋಗಬೇಡಿ, ಮುಂಗಡ ಹೋದರೂ ಸರಿ. ಯಾತ್ರೆಗೆ ಹೋಗಲೇಬೇಕು ಅನ್ನುವುದಕ್ಕೆ ಕಟ್ಟಿದ ದುಡ್ಡು ಕಾರಣ ಆಗಬಾರದು. ಎರಡನೆಯ ದಾರಿ, ಒಂದೇ ಕಡೆ ಬಿಡಾರ ಹೂಡಿ ಹಗಲು ಸುತ್ತಿ ಬರುವಂಥ, 3,000 ಮೀಟರ್ ಒಳಗಿನ ಯಾತ್ರೆ. ಭಾರ ಕಡಿಮೆ, ಕಲಿಯಲು ಸಮಯ ಜಾಸ್ತಿ, ಕೆಟ್ಟ ದಿನ ಟೆಂಟಿನಲ್ಲೇ ಉಳಿಯಬಹುದು. ಕೊರತೆ ಏನೆಂದರೆ ಅಂಥ ಜಾಗಗಳಿಗೆ ಬೇರೆಯವರೂ ಬರುತ್ತಾರೆ, ಚಿತ್ರಗಳು ಮೊದಲೇ ನೋಡಿದಂತೆ ಅನಿಸಬಹುದು. ಮೂರನೆಯದು, ಇದೇ ಯಾತ್ರೆಯನ್ನು ಒಂದು ವರ್ಷ ಮುಂದೂಡಿ, ಅಷ್ಟರಲ್ಲಿ ಕ್ಯಾಮೆರಾ ಇಲ್ಲದೆ ನಾಲ್ಕೈದು ದಿನದ ಟ್ರೆಕ್ಕಿಂಗ್ ಒಂದನ್ನು ಮುಗಿಸುವುದು. ಪರಿಚಯದ ಇಬ್ಬರು ಸೇರಿ ಸ್ವಂತ ಗೈಡ್ ಇಟ್ಟುಕೊಂಡು ಹೋಗುವುದೂ ಉಂಟು. ನಿಮ್ಮ ವೇಗಕ್ಕೆ ನಡೆಯಬಹುದು, ಆದರೆ ಖರ್ಚು ಜಾಸ್ತಿ, ಏನಾದರೂ ಆದರೆ ನೆರವಿಗೆ ಕೈಗಳು ಕಡಿಮೆ.

ನನ್ನನ್ನು ಕೇಳಿದರೆ, ಪಟ್ಟಿ ಬದಲಾಗದಿದ್ದರೆ ಈ ವರ್ಷ ಎರಡನೆಯ ದಾರಿ ಹಿಡಿಯಿರಿ, ಸರೋವರಕ್ಕೆ ಮುಂದಿನ ವರ್ಷ ಹೋಗಿ. ಪಟ್ಟಿ ಬದಲಾಗಿ ನೀವು ಹೊರಟರೆ ಒಂದು ಹಾಳೆಯಲ್ಲಿ ದಿನದಿನದ ದಾರಿ, ಕ್ಯಾಂಪುಗಳ ಜಾಗ, ಸಂಘಟಕರ ಮತ್ತು ಅಲ್ಲಿನ ರಕ್ಷಣಾ ಪಡೆಯ ನಂಬರ್, ವಿಮೆಯ ಸಂಖ್ಯೆ ಬರೆದು ಮನೆಯವರ ಕೈಗೆ ಕೊಡಿ. ಯಾವ ದಿನ, ಎಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ಅವರು ಫೋನ್ ಮಾಡಬೇಕು ಎಂದೂ ಬರೆಯಿರಿ. ಹೊಳೆಯ ಹತ್ತಿರ ಒಂದು ದಿನ ತಡವಾಗಬಹುದು ಅನ್ನುವುದನ್ನು ಆ ಲೆಕ್ಕದಲ್ಲಿ ಸೇರಿಸಿ. ಸಂಘಟಕರಿಂದ ಉತ್ತರ ಬಂದ ಮೇಲೆ ಹೊಸ ಪಟ್ಟಿಯನ್ನು ನನಗೂ ಕಳಿಸಿ. ಮಲಗುವ ಎತ್ತರಗಳನ್ನು ಮತ್ತೊಮ್ಮೆ ನೋಡಿ ಹೇಳುತ್ತೇನೆ.